ಟಿಕಾಲ್: ಮಳೆನೀರನ್ನು ನಂಬಿ ನಿಂತ ಮಾಯಾ ರಾಜಧಾನಿ

ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಉತ್ತರ ಭಾಗವನ್ನು ಆವರಿಸಿಕೊಂಡಿರುವ ಪೆಟೆನ್ ಪ್ರಾಂತ್ಯವು ಸುಣ್ಣಕಲ್ಲಿನ ತಗ್ಗುನಾಡು. ಅಲ್ಲಿ ಸುರಿದ ಮಳೆಯ ಬಹುಪಾಲು ಕಲ್ಲಿನ ಬಿರುಕುಗಳ ಮೂಲಕ ನೆಲದಾಳಕ್ಕೆ ಇಳಿದುಹೋಗುವುದರಿಂದ, ಕಣ್ಣಿಗೆ ಹಸಿರು ಉಕ್ಕುವಂತೆ ಕಾಣುವ ಆ ಮಳೆಕಾಡಿನ ಬಹುಭಾಗದಲ್ಲಿ ವರ್ಷವಿಡೀ ಹರಿಯುವ ಹೊಳೆಗಳೇ ಇಲ್ಲ. ಇಂಥ ನೆಲದ ನಡುವೆ, ಪಕ್ಕದಲ್ಲಿ ನದಿಯಿಲ್ಲದ ಒಂದು ದಿಣ್ಣೆಯ ಮೇಲೆ, ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಿಂದ ಕ್ರಿ.ಶ. 10ನೇ ಶತಮಾನದವರೆಗೆ ಜನವಸತಿ ಕಂಡ ಟಿಕಾಲ್ ನಗರವು ಮಾಯಾ ಜನರ ಅತ್ಯಂತ ಪ್ರಬಲ ರಾಜಧಾನಿಗಳಲ್ಲಿ ಒಂದಾಗಿ ಬೆಳೆಯಿತು. 1955ರಲ್ಲಿ ಗ್ವಾಟೆಮಾಲ ಸರ್ಕಾರವು ಈ ಅವಶೇಷಗಳನ್ನೂ ಸುತ್ತಲಿನ 576 ಚದರ ಕಿಲೋಮೀಟರ್ ಕಾಡನ್ನೂ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. 1979ರಲ್ಲಿ ಯುನೆಸ್ಕೊ ಸಂಸ್ಥೆಯು ಇದನ್ನು ಸಂಸ್ಕೃತಿ ಮತ್ತು ನಿಸರ್ಗ ಎರಡೂ ಕಾರಣಗಳಿಗಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಳಗ್ಗೆ ಹೋಗಿ ಸಂಜೆಗೆ ಹಿಂದಿರುಗಬಹುದಾದ ಈ ತಾಣಕ್ಕೆ ಬರುವವರಲ್ಲಿ ಹೆಚ್ಚಿನವರನ್ನು ಸೆಳೆಯುವುದು ಮರಗಳನ್ನು ಮೀರಿ ನಿಂತಿರುವ ಗೋಪುರಗಳು. ಆದರೆ ಆ ಗೋಪುರಗಳನ್ನು ಕಟ್ಟಿದ ಜನರನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬದುಕಿಸಿದ್ದು ಅವುಗಳ ನಡುವಿನ ತಗ್ಗುಗಳು, ಅಂದರೆ ಮಳೆನೀರನ್ನು ಹಿಡಿದಿಟ್ಟ ಕೆರೆಗಳು. ಟಿಕಾಲ್‌ನ ನಿಜವಾದ ಸಾಧನೆ ಅಲ್ಲಿದೆ. ಒಂದು ದಿನದ ನಡಿಗೆಯಲ್ಲಿ ಬಹುತೇಕರು ನೋಡದೆ ದಾಟಿಹೋಗುವುದೂ ಅದನ್ನೇ.

ಪ್ರವಾಸ ಸಾಮಾನ್ಯವಾಗಿ ಹೊರಡುವುದು ಫ್ಲೋರೆಸ್ ಪಟ್ಟಣದಿಂದ. ಪೆಟೆನ್ ಇಟ್ಸಾ ಎಂಬ ಸರೋವರದ ಒಳಗಿನ ಪುಟ್ಟ ದ್ವೀಪದ ಮೇಲಿರುವ ಈ ಪಟ್ಟಣಕ್ಕೂ ದಡದ ಸಾಂತಾ ಎಲೆನಾ ಪಟ್ಟಣಕ್ಕೂ ನಡುವೆ ನೀರಿನಲ್ಲಿ ಕಟ್ಟಿದ ಏರಿರಸ್ತೆಯಿದೆ. ಇಂದು ವಸತಿಗೃಹಗಳೂ ಬಣ್ಣದ ಮನೆಗಳೂ ತುಂಬಿರುವ ಈ ದ್ವೀಪವು ಇತಿಹಾಸದಲ್ಲಿ ತನ್ನದೇ ಆದ ತೂಕವುಳ್ಳ ಜಾಗ: ಇಟ್ಸಾ ಎಂಬ ಮಾಯಾ ಪಂಗಡದ ರಾಜಧಾನಿಯಾದ ನೊಹ್‌ಪೆಟೆನ್ ಇದ್ದದ್ದು ಇಲ್ಲಿಯೇ. ಸ್ಪ್ಯಾನಿಷರು 1521ರಲ್ಲಿ ಆಸ್ಟೆಕ್ ರಾಜಧಾನಿಯನ್ನು ಗೆದ್ದುಕೊಂಡರೂ, ಇಟ್ಸಾ ರಾಜ್ಯ ಅಲ್ಲಿಂದ ಇನ್ನೂ 170ಕ್ಕೂ ಹೆಚ್ಚು ವರ್ಷ ಸ್ವತಂತ್ರವಾಗಿಯೇ ಉಳಿಯಿತು. ಮಾರ್ಟಿನ್ ದೆ ಉರ್ಸುವಾ ನೇತೃತ್ವದ ಪಡೆ ಹಾಯಿ ಮತ್ತು ಹುಟ್ಟುಗಳ ಯುದ್ಧನೌಕೆಯೊಂದನ್ನು ಸರೋವರದ ದಡದಲ್ಲಿ ಸಿದ್ಧಪಡಿಸಿ, 1697ರ ಮಾರ್ಚ್ 13ರಂದು ದ್ವೀಪಕ್ಕೆ ನುಗ್ಗಿದಾಗ ಮಾಯಾ ಜನರ ಕೊನೆಯ ಸ್ವತಂತ್ರ ರಾಜ್ಯ ಕೊನೆಗೊಂಡಿತು. ಮಾಯಾ ನಾಗರಿಕತೆಯು ಯುರೋಪಿಯನ್ನರು ಬರುವ ಮೊದಲೇ ಅಳಿದುಹೋಗಿತ್ತು ಎಂಬ ತಿಳಿವಳಿಕೆ ಎಷ್ಟು ತಪ್ಪೆಂಬುದು ಪ್ರಯಾಣದ ಆರಂಭದಲ್ಲಿಯೇ ಇಲ್ಲಿ ಸ್ಪಷ್ಟವಾಗುತ್ತದೆ.

ಫ್ಲೋರೆಸ್‌ನಿಂದ ಟಿಕಾಲ್‌ಗೆ ಸುಮಾರು 65 ಕಿಲೋಮೀಟರ್ ರಸ್ತೆ; ನಸುಕಿನಲ್ಲಿಯೇ ಹೊರಡುವ ಸಣ್ಣ ವ್ಯಾನುಗಳು ಒಂದರಿಂದ ಒಂದೂವರೆ ಗಂಟೆಯಲ್ಲಿ ತಲಪಿಸುತ್ತವೆ. ನೆರೆಯ ಬೆಲೀಜ್ ದೇಶದ ಸಾನ್ ಇಗ್ನಾಸಿಯೊ ಪಟ್ಟಣದಿಂದಲೂ ಗಡಿ ದಾಟಿ ಒಂದೇ ದಿನದಲ್ಲಿ ಬಂದುಹೋಗುವವರಿದ್ದಾರೆ. ಉದ್ಯಾನದ ಗೇಟಿನಿಂದ ಅವಶೇಷಗಳ ಬಳಿಗೆ ಮತ್ತೆ 17 ಕಿಲೋಮೀಟರ್ ಕಾಡುದಾರಿಯಿದ್ದು, ಅಲ್ಲಿಂದ ಮುಂದೆ ನಡಿಗೆಯೇ ಗತಿ. ಮುಖ್ಯ ಚೌಕಕ್ಕೆ ಸುಮಾರು 20 ನಿಮಿಷ ನಡೆಯಬೇಕು. ಎಲ್ಲ ಮುಖ್ಯ ಕಟ್ಟಡಗಳನ್ನೂ ಸುತ್ತುವವರು ದಿನದಲ್ಲಿ ಹಲವು ಕಿಲೋಮೀಟರ್ ನಡೆಯುತ್ತಾರೆ. ಮೇ ತಿಂಗಳಿನ ಆಸುಪಾಸಿನಿಂದ ನವೆಂಬರಿನವರೆಗೆ ಮಳೆಗಾಲ, ಉಳಿದ ತಿಂಗಳು ಒಣಹವೆ. ನಡು ಹಗಲಿನ ಧಗೆ ತೀವ್ರವಾಗಿರುವುದರಿಂದ ಬೆಳಗಿನ ಮೊದಲ ಕೆಲವು ಗಂಟೆಗಳೇ ನೋಡುವುದಕ್ಕೆ ಉತ್ತಮ ಸಮಯ. ಪಕ್ಷಿಪ್ರಾಣಿಗಳು ಕಾಣಸಿಗುವುದೂ ಆಗಲೇ.

ದಾರಿಯುದ್ದಕ್ಕೂ ಇರುವ ಕಾಡನ್ನು ಅವಶೇಷಗಳ ಮೇಲೆ ಹೊದಿಸಿದ ಪರದೆಯೆಂದು ಭಾವಿಸಿ ಬೇಗ ದಾಟಿಹೋಗುವುದು ಸರಿಯಲ್ಲ, ಏಕೆಂದರೆ ಇಲ್ಲಿನ ಮರಗಳಲ್ಲಿ ಅನೇಕವು ಪ್ರಾಚೀನ ನಗರದ ಬದುಕಿನಲ್ಲಿ ನೇರವಾಗಿ ಪಾಲ್ಗೊಂಡಿದ್ದ ಮರಗಳು. ಅವುಗಳಲ್ಲಿ ಮುಖ್ಯವಾದ ಒಂದು ಕನ್ನಡ ನಾಡಿನ ತೋಟಗಳಿಗೂ ಚೆನ್ನಾಗಿ ಪರಿಚಿತವಾದದ್ದು: ಸಪೋಟ. ಚಿಕ್ಕು ಎಂದೂ ಕರೆಯಲ್ಪಡುವ ಈ ಹಣ್ಣಿನ ಮರ ಮೂಲತಃ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳದು. ಸ್ಪ್ಯಾನಿಷರು ಇದನ್ನು ಫಿಲಿಪ್ಪೀನ್ಸ್‌ಗೆ ಒಯ್ದರು, ಕಾಲಾಂತರದಲ್ಲಿ ಅದು ಭಾರತದ ತೋಟಗಳಿಗೂ ಬಂದಿತು. ತೋಟದ ಸಪೋಟ ಗಿಡವನ್ನು ಮಾತ್ರ ಕಂಡವರಿಗೆ, ಪೆಟೆನ್‌ನ ಕಾಡಿನಲ್ಲಿ 30 ಮೀಟರಿಗೂ ಎತ್ತರಕ್ಕೆ ನೆಟ್ಟಗೆ ಬೆಳೆದಿರುವ ಸಪೋಟ ಮರವು ಬೇರೆಯೇ ಜಾತಿಯೆನಿಸುವಷ್ಟು ಭವ್ಯವಾಗಿ ಕಾಣುತ್ತದೆ. ಇದರ ಮರಮಟ್ಟು ಅತ್ಯಂತ ಗಡುಸು, ಗೆದ್ದಲಿಗೆ ಬಗ್ಗದ್ದು. ಆದ್ದರಿಂದಲೇ ಟಿಕಾಲ್‌ನ ಶಿಲ್ಪಿಗಳು ದೇಗುಲಗಳ ಬಾಗಿಲುಗಳ ಮೇಲಿನ ತೊಲೆಗಳಿಗೆ ಇದನ್ನೇ ಬಳಸಿ, ಅದರ ಮೇಲೆ ಅರಸರ ಚಿತ್ರಗಳನ್ನೂ ಬರಹವನ್ನೂ ಕೆತ್ತಿದರು. ಅಂಥ ಕೆಲವು ತೊಲೆಗಳು ಮಳೆಕಾಡಿನ ತೇವದಲ್ಲಿ 1,100 ವರ್ಷಕ್ಕೂ ಹೆಚ್ಚು ಕಾಲ ಉಳಿದವು. ಇಂದು ನಾಲ್ಕನೆಯ ದೇಗುಲವೆಂದು ಕರೆಯುವ ಗೋಪುರದ ಕೆತ್ತನೆಯ ತೊಲೆಗಳನ್ನು 1877ರಲ್ಲಿ ಸ್ವಿಟ್ಜರ್ಲೆಂಡಿನ ಗುಸ್ತಾವ್ ಬೆರ್ನೂಲಿ ಗುರುತಿಸಿ ಕಳಚಿಸಿದನು; ಅವು ಈಗ ಬಾಸೆಲ್ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಟಿಕಾಲ್‌ನ ಅತಿ ಸುಂದರ ಕೆತ್ತನೆಯನ್ನು ನೋಡಲು ಟಿಕಾಲ್‌ನಿಂದ ಅಷ್ಟು ದೂರ ಹೋಗಬೇಕಾಗಿರುವುದು ನೋವಿನ ಸಂಗತಿ.

ರಾಮೋನ್ ಎಂಬ ಇನ್ನೊಂದು ಮರ ಅವಶೇಷಗಳ ಸುತ್ತಮುತ್ತ ಬಹಳ ದಟ್ಟವಾಗಿದೆ. ಅತ್ತಿ, ಆಲ, ಹಲಸುಗಳ ಕುಟುಂಬಕ್ಕೆ ಸೇರಿದ ಇದರ ಬೀಜವನ್ನು ಬೇಯಿಸಿಯೋ ಒಣಗಿಸಿ ಹಿಟ್ಟು ಮಾಡಿಯೋ ತಿನ್ನಬಹುದು. ಪ್ರಾಚೀನ ಮಾಯಾ ಜನ ಇದನ್ನು ಬೆಳೆಸಿದ್ದರಿಂದಲೇ ಇಷ್ಟು ದಟ್ಟವಾಗಿದೆಯೇ, ಅಥವಾ ಕುಸಿದ ಸುಣ್ಣಕಲ್ಲಿನ ಗೋಡೆಗಳ ಮೇಲೆ ಬೆಳೆಯುವುದಕ್ಕೆ ಇದು ಸ್ವಭಾವತಃ ಒಗ್ಗಿದ ಮರವೇ ಎಂಬ ಚರ್ಚೆ ವಿದ್ವಾಂಸರಲ್ಲಿ ದಶಕಗಳಿಂದ ನಡೆದಿದೆ. ಎರಡರಲ್ಲಿ ಯಾವುದಾದರೂ, ಇಂದಿನ ಕಾಡಿನ ಸ್ವರೂಪವನ್ನು ಹಳೆಯ ನಗರವೇ ನಿರ್ಧರಿಸಿದೆ ಎಂಬ ಮಾತಂತೂ ನಿಲ್ಲುತ್ತದೆ. ಬಿಳಿ ಬೂರುಗದ ಜಾತಿಯ ಸೇಬಾ ಮರ ಮಾಯಾ ಜನರಿಗೆ ಪವಿತ್ರ. ಪಾತಾಳ, ಭೂಮಿ, ಆಕಾಶ ಮೂರನ್ನೂ ಜೋಡಿಸುವ ಲೋಕವೃಕ್ಷವೆಂದು ಅವರು ಅದನ್ನು ಕಲ್ಪಿಸಿಕೊಂಡರು. ಕೋಪಾಲ್ ಮರದ ಅಂಟು ಅವರ ಧೂಪ. ಈ ಮರಗಳ ಮೇಲೆ ಜೇಡಕೋತಿಗಳು ಗುಂಪುಗುಂಪಾಗಿ ಸಾಗುತ್ತವೆ. ಹೌಲರ್ ಕೋತಿಗಳ ಗಂಟಲಿನ ಎಲುಬು ಉಬ್ಬಿಕೊಂಡು ಗುಡಾಣದಂತೆ ಕೆಲಸ ಮಾಡುವುದರಿಂದ ಅವುಗಳ ಘರ್ಜನೆ ಮೈಲುಗಟ್ಟಲೆ ಕೇಳಿಸುತ್ತದೆ. ಬಾಲವನ್ನು ನೆಟ್ಟಗೆ ನಿಲ್ಲಿಸಿಕೊಂಡು ನೆಲ ಮೂಸುತ್ತ ಓಡಾಡುವ ಕೋವಾಟಿ ಎಂಬ ಪ್ರಾಣಿಯನ್ನೂ, ನವಿಲಿನ ಬಣ್ಣ ಹೊತ್ತ ಕಾಡು ಟರ್ಕಿ ಕೋಳಿಯನ್ನೂ ಹೆಚ್ಚಿನ ಪ್ರವಾಸಿಗರು ನೋಡುತ್ತಾರೆ. ಜಾಗ್ವಾರ್ ಇದೇ ಕಾಡಿನಲ್ಲಿದ್ದರೂ ಹಗಲಿನಲ್ಲಿ ಅದು ಕಣ್ಣಿಗೆ ಬೀಳುವುದು ಬಲು ಅಪರೂಪ.

ಮಹಾಚೌಕ ಎಂದು ಕರೆಯುವ ನಗರದ ನಡುಜಾಗದಲ್ಲಿ ಎರಡು ಗೋಪುರ ದೇಗುಲಗಳು ಪೂರ್ವ ಪಶ್ಚಿಮವಾಗಿ ಎದುರುಬದುರು ನಿಂತಿವೆ. ಪೂರ್ವದ ಒಂದನೆಯ ದೇಗುಲವು ಸುಮಾರು 47 ಮೀಟರ್ ಎತ್ತರವಾಗಿದ್ದು, ಒಂಬತ್ತು ಮೆಟ್ಟಲು ಹಂತಗಳ ಪೀಠ, ಅದರ ತುದಿಯಲ್ಲಿ ಮೂರು ಕಿರಿದಾದ ಕೋಣೆಗಳ ಗುಡಿ, ಗುಡಿಯ ನೆತ್ತಿಯ ಮೇಲೆ ಎತ್ತರವಾದ ಕಲ್ಲಿನ ಕಿರೀಟ, ಹೀಗೆ ಮೂರು ಭಾಗಗಳಾಗಿ ಏರುತ್ತದೆ. ಒಂಬತ್ತು ಹಂತಗಳು ಮಾಯಾ ಪುರಾಣದ ಪಾತಾಳದ ಒಂಬತ್ತು ಅಂತಸ್ತುಗಳನ್ನು ಸೂಚಿಸುತ್ತವೆ ಎಂದು ವಿದ್ವಾಂಸರು ಊಹಿಸುತ್ತಾರೆ. ಈಜಿಪ್ಟಿನ ಪಿರಮಿಡ್ಡುಗಳ ಹಾಗೆ ಇವು ಕೇವಲ ಗೋರಿಗಳಲ್ಲ, ತುದಿಯ ಗುಡಿಯಲ್ಲಿ ಪೂಜೆ ನಡೆಯಬೇಕಾದ ದೇಗುಲಗಳು. ಆದರೆ ಒಂದನೆಯ ದೇಗುಲದ ಕೆಳಗೆ ಗೋರಿಯೂ ಇದೆ. 1962ರಲ್ಲಿ ಪುರಾತತ್ತ್ವಜ್ಞರು ಅಲ್ಲಿ ಹಸಾವ್ ಚಾನ್ ಕವೀಲ್ ಎಂಬ ಅರಸನ ದೇಹಾವಶೇಷವನ್ನು ಕಂಡುಕೊಂಡರು. ಆತನ ಜೊತೆ ಜೇಡ್ ಎಂಬ ಹಸಿರು ಕಲ್ಲಿನ ಭಾರವಾದ ಆಭರಣಗಳು, ಚಿಪ್ಪುಗಳು, ಮಣ್ಣಿನ ಪಾತ್ರೆಗಳು, ಸೂಕ್ಷ್ಮವಾಗಿ ಗೀರಿದ ಚಿತ್ರಗಳುಳ್ಳ ಎಲುಬಿನ ತುಣುಕುಗಳು ಇದ್ದವು. ಒಂದು ಎಲುಬಿನ ಮೇಲೆ, ಸಾವಿನ ಪಯಣದ ದೋಣಿಯಲ್ಲಿ ಮೆಕ್ಕೆಜೋಳದ ದೇವರು ಪ್ರಾಣಿಗಳೊಂದಿಗೆ ಕುಳಿತು ಸಾಗುವ ದೃಶ್ಯವಿದೆ. ಎದುರಿನ ಎರಡನೆಯ ದೇಗುಲದ ತೊಲೆಯ ಮೇಲಿದ್ದ ಸ್ತ್ರೀಯ ಚಿತ್ರ ಆತನ ರಾಣಿಯದೆಂದು ತಿಳಿಯಲಾಗಿದೆ.

ಈ ಕಟ್ಟಡಗಳ ಕೆಲಸಕ್ಕೆ ಕಬ್ಬಿಣದ ಉಪಕರಣವಿರಲಿಲ್ಲ, ಭಾರ ಎಳೆಯುವ ಎತ್ತು ಕುದುರೆಗಳಿರಲಿಲ್ಲ, ಸಾಗಣೆಗೆ ಗಾಲಿಯ ಬಳಕೆಯೂ ಇರಲಿಲ್ಲ. ಹೊಸದಾಗಿ ಅಗೆದಾಗ ಮೃದುವಾಗಿರುವ ಸುಣ್ಣಕಲ್ಲನ್ನು ಚಕಮಕಿ ಕಲ್ಲಿನ ಕೊಡಲಿಗಳಿಂದ ಕಡಿದು, ಮನುಷ್ಯರೇ ಹೊತ್ತು, ಅದೇ ಕಲ್ಲನ್ನು ಸುಟ್ಟು ಮಾಡಿದ ಸುಣ್ಣದ ಗಾರೆಯಿಂದ ಜೋಡಿಸಿ, ಮೇಲೆ ನುಣ್ಣನೆಯ ಗಾರೆ ಬಳಿದು ಕೆಂಪು ಬಣ್ಣ ಹಚ್ಚುತ್ತಿದ್ದರು; ಹೀಗಾಗಿ ಇಂದು ಬೂದು ಬಣ್ಣದಲ್ಲಿ ಕಾಣುವ ಗೋಪುರಗಳು ಅಂದು ಕೆಂಪಾಗಿ ಹೊಳೆಯುತ್ತಿದ್ದವು. ನಿಜವಾದ ಕಮಾನನ್ನು ಕಟ್ಟುವ ಬದಲು, ಎರಡು ಗೋಡೆಗಳ ಕಲ್ಲಿನ ವರಸೆಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚುತ್ತ ಹೋಗಿ ತುದಿಯಲ್ಲಿ ಮುಚ್ಚುಗಲ್ಲು ಹಾಕುವ ವಿಧಾನವನ್ನು ಅವರು ಬಳಸಿದರು. ಈ ವಿಧಾನದಲ್ಲಿ ಕೋಣೆಯ ಅಗಲ ಹೆಚ್ಚಿಸುವಂತಿಲ್ಲ. ಅಷ್ಟು ದೊಡ್ಡ ಗೋಪುರದ ತುದಿಯಲ್ಲಿ ಅಷ್ಟು ಇಕ್ಕಟ್ಟಾದ ಗುಡಿ ಇರುವುದಕ್ಕೆ ಇದೇ ಕಾರಣ.

ಚೌಕದ ಉತ್ತರ ಬದಿಯ ಎತ್ತರದ ಜಗತಿಯ ಮೇಲೆ ಗುಡಿಗಳ ಒಂದು ಗುಚ್ಛವಿದೆ. ಉತ್ತರ ಅಕ್ರೊಪೊಲಿಸ್ ಎಂದು ಹೆಸರಿಸಿರುವ ಈ ಜಾಗ ಶತಮಾನಗಳ ಕಾಲ ಅರಸರ ಸಮಾಧಿನೆಲವಾಗಿತ್ತು. ಹಳೆಯ ಗುಡಿಯನ್ನು ಕೆಡವಿ ಬಿಸಾಡದೆ ಅದರ ಮೇಲೆಯೇ ಹೊಸದನ್ನು ಕಟ್ಟುವ ರೂಢಿಯಿಂದಾಗಿ ಒಳಗೆ ಪದರ ಪದರವಾಗಿ ಹಳೆಯ ಕಟ್ಟಡಗಳು ಅಡಗಿವೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯವು 1956ರಿಂದ 1969ರವರೆಗೆ ನಡೆಸಿದ ಉತ್ಖನನದಲ್ಲಿ ಈ ಪದರಗಳೂ ಅವುಗಳೊಳಗಿನ ಗೋರಿಗಳೂ ಬೆಳಕಿಗೆ ಬಂದವು. ಚೌಕದಲ್ಲಿ ಸಾಲಾಗಿ ನಿಲ್ಲಿಸಿರುವ ನಿಲುಗಲ್ಲುಗಳು ಮಾಯಾ ಅರಸರ ಶಾಸನಗಳು. ಒಂದು ಮುಖದಲ್ಲಿ ಅರಸನ ಚಿತ್ರ, ಉಳಿದ ಮುಖಗಳಲ್ಲಿ ಬರಹ, ಎದುರಿಗೆ ದುಂಡನೆಯ ಬಲಿಪೀಠ, ಇದು ಅವುಗಳ ಸಾಮಾನ್ಯ ರೂಪ.

ಈ ಬರಹವನ್ನು ಓದಲು ಸಾಧ್ಯವಾದದ್ದು ತೀರ ಈಚೆಗೆ. 1562ರಲ್ಲಿ ಯುಕಟಾನಿನ ಮಾನಿ ಎಂಬಲ್ಲಿ ಪಾದ್ರಿ ದಿಯೆಗೊ ದೆ ಲಾಂಡಾ ಮಾಯಾ ಪುಸ್ತಕಗಳನ್ನು ಸುಡಿಸಿದನು. ಅದೇ ಲಾಂಡಾ ಮುಂದೆ ಬರೆದಿಟ್ಟ, ಮಾಯಾ ಚಿಹ್ನೆಗಳ ಅರೆಬರೆ ವರ್ಣಮಾಲೆಯೇ ನಾಲ್ಕು ಶತಮಾನಗಳ ನಂತರ ಕೀಲಿಕೈಯಾಯಿತು. ಸೋವಿಯತ್ ಒಕ್ಕೂಟದ ವಿದ್ವಾಂಸ ಯೂರಿ ಕ್ನೊರೊಜೊವ್ 1952ರಲ್ಲಿ, ಅವು ಒಂಟಿ ಅಕ್ಷರಗಳಲ್ಲ, ವ್ಯಂಜನ ಸ್ವರ ಕೂಡಿದ ಉಚ್ಚಾರಾಂಶಗಳೆಂದು ತೋರಿಸಿದನು. 1960ರಲ್ಲಿ ತಾತಿಯಾನಾ ಪ್ರೊಸ್ಕುರಿಯಾಕೊಫ್, ಪಿಯೆದ್ರಾಸ್ ನೆಗ್ರಾಸ್ ಎಂಬ ಇನ್ನೊಂದು ನಗರದ ನಿಲುಗಲ್ಲುಗಳ ದಿನಾಂಕಗಳನ್ನು ಹೋಲಿಸಿ, ಅವುಗಳ ವಿಷಯ ಬರಿಯ ಜ್ಯೋತಿಷ್ಯವಲ್ಲ, ನಿಜವಾದ ಅರಸರ ಹುಟ್ಟು, ಪಟ್ಟಾಭಿಷೇಕ, ಯುದ್ಧಗಳ ದಾಖಲೆ ಎಂದು ಸಾಧಿಸಿದಳು. ಅಲ್ಲಿಯವರೆಗೆ ಶಾಂತ ಋಷಿಗಳ ನಾಡೆಂದು ಚಿತ್ರಿತವಾಗಿದ್ದ ಮಾಯಾ ಲೋಕಕ್ಕೆ, ಆ ಒಂದು ಲೇಖನದಿಂದ ಹೆಸರುಳ್ಳ ಅರಸರೂ ರಾಣಿಯರೂ ರಾಜಕಾರಣವೂ ಬಂದವು.

ದಿನಾಂಕಗಳ ವಿಷಯದಲ್ಲಿ ಮಾಯಾ ಶಾಸನಗಳ ನಿಖರತೆ ಅಸಾಧಾರಣವಾದುದು. ದೀರ್ಘ ಗಣನೆ ಎಂದು ವಿದ್ವಾಂಸರು ಕರೆಯುವ ಅವರ ಪದ್ಧತಿಯಲ್ಲಿ ಕ್ರಿ.ಪೂ. 3114ರ ಆಗಸ್ಟ್ ತಿಂಗಳ ಒಂದು ದಿನದಿಂದ ಕಳೆದ ದಿನಗಳನ್ನು ಎಣಿಸುತ್ತಾರೆ: 20 ದಿನಗಳಿಗೆ ಒಂದು ವಿನಾಲ್, 360 ದಿನಗಳಿಗೆ ಒಂದು ತುನ್, 7,200 ದಿನಗಳಿಗೆ ಒಂದು ಕಾತುನ್, 1,44,000 ದಿನಗಳಿಗೆ ಒಂದು ಬಾಕ್ತುನ್. ಟಿಕಾಲ್‌ನ 29ನೆಯ ನಿಲುಗಲ್ಲಿನ ಮೇಲೆ 8 ಬಾಕ್ತುನ್, 12 ಕಾತುನ್, 14 ತುನ್, 8 ವಿನಾಲ್, 15 ದಿನ ಎಂದಿದೆ. ಕೂಡಿದರೆ 12,43,615 ದಿನಗಳು, ಅಂದರೆ ಕ್ರಿ.ಶ. 292. ಖಾಲಿ ಸ್ಥಾನವನ್ನು ಸೂಚಿಸಲು ಸೊನ್ನೆಗೂ ಅವರಲ್ಲಿ ಪ್ರತ್ಯೇಕ ಚಿಹ್ನೆಯಿತ್ತು. ಒಂದು ಕಾತುನ್ ಮುಗಿದಾಗಲೆಲ್ಲ, ಅಂದರೆ ಸುಮಾರು 20 ವರ್ಷಕ್ಕೊಮ್ಮೆ, ಟಿಕಾಲ್‌ನ ಅರಸರು ಎದುರುಬದುರಾದ ಎರಡು ಗೋಪುರಗಳ ಒಂದು ಹೊಸ ಸಂಕೀರ್ಣವನ್ನೇ ಕಟ್ಟಿಸುತ್ತಿದ್ದರು. ಪ್ರವೇಶದ್ವಾರದಿಂದ ಚೌಕಕ್ಕೆ ಹೋಗುವ ದಾರಿಯಲ್ಲಿ ಸಿಗುವ ಅಂಥ ಒಂದು ಸಂಕೀರ್ಣ ಕ್ರಿ.ಶ. 771ರದು.

ಶಾಸನಗಳಲ್ಲೆಲ್ಲ ಹೆಚ್ಚು ಚರ್ಚೆಗೆ ಒಳಗಾದದ್ದು ಕ್ರಿ.ಶ. 445ರ 31ನೆಯ ನಿಲುಗಲ್ಲು. ಕ್ರಿ.ಶ. 378ರ ಜನವರಿಯಲ್ಲಿ ಸಿಯಾಜ್ ಕಾಕ್ ಎಂಬ ಸೇನಾನಿ ಪಶ್ಚಿಮದಿಂದ ಟಿಕಾಲ್‌ಗೆ ಬಂದನೆಂದೂ, ಅದೇ ದಿನ ಟಿಕಾಲ್‌ನ ಅರಸ ಚಾಕ್ ತೋಕ್ ಇಚಾಕ್ ಮರಣ ಹೊಂದಿದನೆಂದೂ ಅದು ಹೇಳುತ್ತದೆ. ಮರುವರ್ಷ ಪಟ್ಟಕ್ಕೆ ಬಂದ ಹೊಸ ಅರಸನ ವೇಷಭೂಷಣ, ಆಯುಧ, ಪಾತ್ರೆಗಳೆಲ್ಲವೂ ಇಂದಿನ ಮೆಕ್ಸಿಕೊ ನಗರದ ಬಳಿಯ ತಿಯೊತಿವಾಕಾನ್ ಮಹಾನಗರದ ಶೈಲಿಯವು. ಸಾವಿರ ಕಿಲೋಮೀಟರ್ ದೂರದ ಆ ನಗರ ಟಿಕಾಲ್ ರಾಜಕೀಯದಲ್ಲಿ ಕೈಹಾಕಿತ್ತು ಎಂಬುದಕ್ಕೆ ಬೇರೆ ಬಗೆಯ ಪುರಾವೆ ಈಚೆಗೆ ದೊರೆತಿದೆ: ಮಹಾಚೌಕದಿಂದ ಹೆಚ್ಚು ದೂರವಿಲ್ಲದ, ಸ್ವಾಭಾವಿಕ ಗುಡ್ಡಗಳೆಂದು ಎಲ್ಲರೂ ತಿಳಿದಿದ್ದ ಒಂದು ಜಾಗವು, ತಿಯೊತಿವಾಕಾನ್‌ನ ಕೋಟೆಯಂಗಳದ ಚಿಕ್ಕ ಪ್ರತಿರೂಪವೆಂದು 2021ರಲ್ಲಿ ಪ್ರಕಟವಾಯಿತು. ನಂತರದ ಇತಿಹಾಸ ಏಳುಬೀಳುಗಳದು. ಕ್ರಿ.ಶ. 562ರಲ್ಲಿ ಟಿಕಾಲ್ ಯುದ್ಧದಲ್ಲಿ ಸೋತದ್ದನ್ನು ಇಂದಿನ ಬೆಲೀಜ್‌ನಲ್ಲಿರುವ ಕರಕೋಲ್ ನಗರದ ಶಾಸನ ದಾಖಲಿಸಿದೆ. ಆಮೇಲೆ ಸುಮಾರು 130 ವರ್ಷ ಟಿಕಾಲ್‌ನಲ್ಲಿ ದಿನಾಂಕವುಳ್ಳ ನಿಲುಗಲ್ಲುಗಳೇ ಇಲ್ಲ. 682ರಲ್ಲಿ ಪಟ್ಟವೇರಿದ ಹಸಾವ್ ಚಾನ್ ಕವೀಲ್, 695ರಲ್ಲಿ ಎದುರಾಳಿ ಕಲಾಕ್ಮುಲ್ ರಾಜ್ಯವನ್ನು ಸೋಲಿಸಿ ಮತ್ತೆ ನಗರವನ್ನು ಮೇಲಕ್ಕೆತ್ತಿದನು. ಪ್ರವಾಸಿಗರು ಇಂದು ಬೆರಗಾಗಿ ನೋಡುವ ಎತ್ತರದ ಗೋಪುರಗಳಲ್ಲಿ ಹೆಚ್ಚಿನವು ಆ ಗೆಲುವಿನ ನಂತರದವು.

ಚೌಕದ ದಕ್ಷಿಣದಲ್ಲಿ ಅರಮನೆಗಳ ಸಮುಚ್ಚಯವಿದೆ. ಅದರ ಹಿಂಬದಿಯಲ್ಲಿ ನೆಲ ಒಮ್ಮೆಗೇ ಆಳಕ್ಕೆ ಇಳಿಯುತ್ತದೆ. ಮರಗಳಿಂದ ತುಂಬಿದ ಈ ಕಣಿವೆ ಮೇಲುನೋಟಕ್ಕೆ ಸಾಧಾರಣವಾದ ಹಳ್ಳದಂತೆ ಕಂಡರೂ ಇದು ಅರಮನೆಯ ಕೆರೆ. ಕಟ್ಟಡಗಳಿಗೆಂದು ಕಲ್ಲು ಅಗೆದ ಗಣಿಯ ತಗ್ಗುಗಳನ್ನೂ ಸ್ವಾಭಾವಿಕ ಕಣಿವೆಗಳನ್ನೂ ಜಿಗುಟು ಮಣ್ಣಿನಿಂದ ಮೆತ್ತಿ ನೀರು ಇಂಗದಂತೆ ಮಾಡಿ, ಕಣಿವೆಯ ಬಾಯಿಗೆ ಏರಿ ಕಟ್ಟಿ, ಅಂಥ ಕೆರೆಗಳ ಸರಣಿಯನ್ನು ದಿಣ್ಣೆಯ ಇಳಿಜಾರಿನಲ್ಲಿ ಅವರು ನಿರ್ಮಿಸಿದರು. ಚೌಕಗಳ ಗಾರೆಯ ನೆಲ, ಗೋಪುರಗಳ ಮೈ, ಅರಮನೆಯ ಅಂಗಳಗಳೆಲ್ಲವೂ ಕೆರೆಗಳ ಕಡೆಗೆ ಓರೆಯಾಗಿರುವಂತೆ ಕಟ್ಟಿದ್ದರಿಂದ, ಸುರಿದ ಮಳೆ ನೆಲಕ್ಕೆ ಇಂಗುವ ಮೊದಲೇ ಹರಿದು ಕೆರೆ ಸೇರುತ್ತಿತ್ತು. ಪೂಜೆಗೆಂದು ಕಟ್ಟಿದ ಚೌಕವೇ ಜಲಾನಯನ ಪ್ರದೇಶವೂ ಆಗಿದ್ದ ಈ ಯೋಜನೆಯನ್ನು ಅರ್ಥಮಾಡಿಕೊಂಡ ಮೇಲೆ ಮಹಾಚೌಕದ ಬಯಲನ್ನು ಮೊದಲಿನ ಕಣ್ಣಿನಿಂದ ನೋಡಲಾಗದು.

ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರಮನೆಯ ಕೆರೆಯ ಏರಿ ಸುಮಾರು 80 ಮೀಟರ್ ಉದ್ದ, 10 ಮೀಟರ್ ಎತ್ತರವಾಗಿದ್ದು, ಅದು ಹಿಡಿದಿಡುತ್ತಿದ್ದ ನೀರು ಸುಮಾರು ಏಳೂವರೆ ಕೋಟಿ ಲೀಟರ್. ಏರಿಯಲ್ಲಿ ನೀರನ್ನು ಬೇಕಾದಾಗ ಬಿಡುವ ತೂಬುಗಳಿದ್ದವು ಎಂಬುದಕ್ಕೂ ಸಾಕ್ಷ್ಯ ಸಿಕ್ಕಿದೆ. ಜನ ನಡೆದಾಡುವ ಎತ್ತರದ ರಾಜಬೀದಿಗಳಲ್ಲಿ ಕೆಲವು ಏರಿಗಳ ಕೆಲಸವನ್ನೂ ಮಾಡುತ್ತಿದ್ದವು. ಕೋರಿಯೆಂತಾಲ್ ಎಂಬ ಇನ್ನೊಂದು ಕೆರೆಯಲ್ಲಿ ಸಿಕ್ಕಿದ್ದು ಇನ್ನೂ ವಿಸ್ಮಯಕರ: ಅದರ ಹೂಳಿನಲ್ಲಿ ಬೆಣಚಿನ ಮರಳು ಮತ್ತು ಜಿಯೋಲೈಟ್ ಎಂಬ ಖನಿಜ ದೊರೆತಿವೆ. ಜಿಯೋಲೈಟ್‌ನ ಹರಳುಗಳಲ್ಲಿರುವ ಅತಿ ಸೂಕ್ಷ್ಮ ರಂಧ್ರಗಳು ಕಶ್ಮಲಗಳನ್ನು ಹಿಡಿದಿಡುತ್ತವೆ. ಇಂದಿಗೂ ನೀರಿನ ಶುದ್ಧೀಕರಣ ಯಂತ್ರಗಳಲ್ಲಿ ಅದರ ಬಳಕೆಯಿದೆ. ಟಿಕಾಲ್‌ನ ನೆಲದಲ್ಲಿ ಇಲ್ಲದ ಈ ಖನಿಜವನ್ನು ಸುಮಾರು 30 ಕಿಲೋಮೀಟರ್ ದೂರದಿಂದ ಹೊತ್ತು ತಂದು, ಕೆರೆಗೆ ನೀರು ಬರುವ ಬಾಯಲ್ಲಿ ಸೋಸುವ ಪದರವಾಗಿ ಬಳಸಿದ್ದರೆಂದು 2020ರಲ್ಲಿ ಸಂಶೋಧಕರು ವಾದಿಸಿದರು.

ಆದರೆ ಅದೇ ವರ್ಷ ಅದೇ ಸಂಶೋಧಕರು ಬೇರೆ ಕೆರೆಗಳ ಕಥೆಯನ್ನೂ ಹೇಳಿದರು. ಅರಮನೆಯ ಮತ್ತು ದೇಗುಲದ ಪಕ್ಕದ ಕೆರೆಗಳ ಹೂಳಿನಲ್ಲಿ, ನಗರದ ಕೊನೆಯ ಕಾಲದ ಪದರಗಳಲ್ಲಿ, ಪಾದರಸ ಅಪಾಯಕಾರಿ ಪ್ರಮಾಣದಲ್ಲಿದೆ, ವಿಷಕಾರಿಯಾದ ನೀಲಿ ಹಸಿರು ಪಾಚಿಯ ಕುರುಹುಗಳೂ ಇವೆ. ಗೋಡೆಗಳಿಗೂ ಪಾತ್ರೆಗಳಿಗೂ ಗೋರಿಗಳಿಗೂ ಬಳಿಯುತ್ತಿದ್ದ ಇಂಗಲೀಕ ಎಂಬ ಕೆಂಪು ಬಣ್ಣವು ಪಾದರಸದ ಸಂಯುಕ್ತವಾದ್ದರಿಂದ, ಪ್ರತಿ ಮಳೆಯಲ್ಲಿಯೂ ಅದು ಕೊಚ್ಚಿಕೊಂಡು ಕೆರೆಗೆ ಇಳಿಯುತ್ತಿತ್ತು. ಅಡುಗೆಮನೆಗಳ ಕಸದಿಂದ ಪಾಚಿ ಬೆಳೆಯಿತು. ಅರಮನೆಯ ಜನ ಕುಡಿಯುತ್ತಿದ್ದದ್ದು ಈ ನೀರನ್ನೇ. ನೀರನ್ನು ತುಂಬಿಸಿಕೊಡುತ್ತಿದ್ದ ಕೆಂಪು ಚೌಕವೇ ಅದನ್ನು ಕೆಡಿಸಿತು ಎಂಬ ಈ ಸಂಗತಿಯು, ಟಿಕಾಲ್ ಬಗ್ಗೆ ತಿಳಿದಿರುವ ಎಲ್ಲ ಸಂಗತಿಗಳಲ್ಲಿ ಅತ್ಯಂತ ಮನಕಲಕುವಂಥದು. ಇಷ್ಟಾಗಿಯೂ ಕೆರೆಗಳ ಬಳಿ ನಿಂತು ವಿವರಿಸುವ ಮಾರ್ಗದರ್ಶಿಗಳು ಕಡಿಮೆ; ಕೇಳಿದರೆ ತೋರಿಸುತ್ತಾರೆ, ಆದ್ದರಿಂದ ಕೇಳಬೇಕು.

ಮಧ್ಯಾಹ್ನದ ಮೊದಲು ಅಥವಾ ಇಳಿಹೊತ್ತಿನಲ್ಲಿ ಹೆಚ್ಚಿನವರು ನಾಲ್ಕನೆಯ ದೇಗುಲಕ್ಕೆ ಹೋಗುತ್ತಾರೆ. ಹಸಾವ್‌ನ ಮಗ ಯಿಕಿನ್ ಚಾನ್ ಕವೀಲ್ 8ನೇ ಶತಮಾನದ ನಡುವಿನಲ್ಲಿ ಕಟ್ಟಿಸಿದ ಇದು ಸುಮಾರು 65 ಮೀಟರ್ ಎತ್ತರವಾಗಿದ್ದು ನಗರದ ಅತಿ ಎತ್ತರದ ಕಟ್ಟಡ. ಬಾಸೆಲ್‌ನಲ್ಲಿರುವ ತೊಲೆಗಳ ಮೇಲೆ ಆತ 743 ಮತ್ತು 744ರಲ್ಲಿ ಎರಡು ನೆರೆರಾಜ್ಯಗಳನ್ನು ಗೆದ್ದ ವಿಷಯವಿದೆ. ಒಂದನೆಯ ದೇಗುಲದ ಕಡಿದಾದ ಮೆಟ್ಟಿಲುಗಳಿಂದ ಜಾರಿ ಬಿದ್ದು ಸಾವು ಸಂಭವಿಸಿದ್ದರಿಂದ ಅಲ್ಲಿ ಹತ್ತುವುದನ್ನು ನಿಷೇಧಿಸಲಾಗಿದೆ, ಆದರೆ ಇಲ್ಲಿ ಪಕ್ಕದಲ್ಲಿ ಮರದ ಮೆಟ್ಟಿಲುಗಳಿವೆ. ಮೇಲಿನಿಂದ ಕಾಣುವುದು ದಿಗಂತದವರೆಗೆ ಕಾಡು, ಅದರ ನಡುವೆ ಮೇಲೆದ್ದ ಮೂರು ನಾಲ್ಕು ಗೋಪುರಗಳ ಕಿರೀಟಗಳು; 1977ರ ಸ್ಟಾರ್ ವಾರ್ಸ್ ಚಲನಚಿತ್ರದಲ್ಲಿ ದೂರದ ಗ್ರಹವೊಂದರ ಉಪಗ್ರಹವೆಂದು ತೋರಿಸಿದ್ದು ಈ ನೋಟವನ್ನೇ.

ಆದರೆ ಈ ನೋಟ ಮರೆಮಾಚುವುದೇ ಹೆಚ್ಚು. ವಿಮಾನದಿಂದ ಲೇಸರ್ ಕಿರಣಗಳನ್ನು ಹಾಯಿಸಿ, ಎಲೆಗಳ ಸಂದಿಗಳಿಂದ ನೆಲ ಮುಟ್ಟಿ ಮರಳುವ ಕಿರಣಗಳಿಂದ ನೆಲದ ಏರಿಳಿತವನ್ನು ಅಳೆಯುವ ಲೈಡಾರ್ ಎಂಬ ತಂತ್ರದಿಂದ ಪೆಟೆನ್‌ನ 2,100ಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶದ ನಕ್ಷೆ ತಯಾರಿಸಲಾಯಿತು. 2018ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ 61,000ಕ್ಕೂ ಹೆಚ್ಚು ಕಟ್ಟಡಗಳ ಕುರುಹುಗಳು, ಅವುಗಳ ನಡುವೆ ಮೆಟ್ಟಲು ಗದ್ದೆಗಳು, ಕಾಲುವೆಗಳು, ಏರುರಸ್ತೆಗಳು, ರಕ್ಷಣಾ ಗೋಡೆಗಳು ಕಾಣಿಸಿದವು. 7 ಮತ್ತು 8ನೇ ಶತಮಾನಗಳ ಕಾಲದಲ್ಲಿ ಮಧ್ಯ ಮಾಯಾ ತಗ್ಗುನಾಡಿನಲ್ಲಿ 70 ಲಕ್ಷದಿಂದ 1 ಕೋಟಿ 10 ಲಕ್ಷ ಜನರಿದ್ದಿರಬಹುದೆಂದು ಅದರ ಲೇಖಕರು ಅಂದಾಜು ಮಾಡಿದರು. ಅಂದರೆ ನಾಲ್ಕನೆಯ ದೇಗುಲ ಹೊಸದಾಗಿದ್ದಾಗ ಅದರ ತುದಿಯಿಂದ ಕಂಡಿದ್ದು ಇಂದಿನ ಮುಗಿಯದ ಕಾಡಲ್ಲ, ಹೊಲ, ತೋಪು, ಕೆರೆ, ಹುಲ್ಲುಮಾಡಿನ ಮನೆಗಳು ಬೆರೆತ ನೆಲ.

ಆ ನೆಲ ಬರಿದಾದದ್ದು ಯಾವುದೋ ಒಂದು ಕಾರಣದಿಂದಲ್ಲ. 9ನೇ ಶತಮಾನದಲ್ಲಿ ಬರಗಾಲಗಳು ಮತ್ತೆ ಮತ್ತೆ ಬಂದವೆಂದು ಯುಕಟಾನಿನ ಸರೋವರಗಳ ಹೂಳಿನ ಅಧ್ಯಯನಗಳು ತೋರಿಸಿವೆ. ಜನಸಂಖ್ಯೆ ಮಿತಿ ಮುಟ್ಟಿತ್ತು, ಸುಣ್ಣ ಸುಡಲು ಮತ್ತು ಬೇಸಾಯಕ್ಕೆಂದು ಕಾಡನ್ನು ಕಡಿಯಲಾಗಿತ್ತು, ರಾಜ್ಯಗಳ ನಡುವೆ ಯುದ್ಧ ನಿಂತಿರಲಿಲ್ಲ. ಮಳೆಯನ್ನು ತರುವ ಹೊಣೆ ಹೊತ್ತ ದೈವಾಂಶರೆಂದು ಹೇಳಿಕೊಂಡ ಅರಸರ ಮೇಲೆ, ಕೆರೆಗಳು ಒಣಗಿದಾಗ, ಜನರ ನಂಬಿಕೆ ಉಳಿಯುವುದು ಕಷ್ಟ. ಟಿಕಾಲ್‌ನ ಕೊನೆಯ ದಿನಾಂಕವುಳ್ಳ ನಿಲುಗಲ್ಲು ಕ್ರಿ.ಶ. 869ರದು. ಜನ ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಕೆಲವರು ಪಾಳುಬಿದ್ದ ಅರಮನೆಗಳಲ್ಲಿಯೇ ಕೆಲಕಾಲ ಬಾಳಿದರು, ಹೆಚ್ಚಿನವರು ಸರೋವರಗಳ ದಂಡೆಗೂ ಬೇರೆ ಪ್ರದೇಶಗಳಿಗೂ ಚದುರಿದರು. ಸುತ್ತಲಿನ ಮಾಯಾ ಜನರಿಗೆ ಈ ಜಾಗದ ಅರಿವು ಎಂದೂ ತಪ್ಪಿರಲಿಲ್ಲ. 1848ರಲ್ಲಿ ಸರ್ಕಾರದ ಪರವಾಗಿ ಟಿಕಾಲ್‌ಗೆ ಮೊದಲು ಭೇಟಿ ಕೊಟ್ಟ ಮೊದೆಸ್ತೊ ಮೆಂದೆಸ್ ಜೊತೆಯಲ್ಲಿದ್ದ ಅಂಬ್ರೊಸಿಯೊ ತುತ್ ಸ್ಥಳೀಯ ಮಾಯಾ ಮುಖಂಡನೇ.

ಮಹಾಚೌಕದ ನಡುವೆ ಕೆಲವೊಮ್ಮೆ ಕಾಣುವ ಬೂದಿಯ ವೃತ್ತ ಇಂದಿನ ಮಾಯಾ ಜನರ ಅಗ್ನಿಪೂಜೆಯದು. ಕೋಪಾಲ್, ಬಣ್ಣದ ಮೇಣದಬತ್ತಿ, ಸಕ್ಕರೆಗಳನ್ನು ಬೆಂಕಿಗೆ ಅರ್ಪಿಸಿ, 260 ದಿನಗಳ ಹಳೆಯ ಪಂಚಾಂಗದ ದಿನಗಳನ್ನು ಹೆಸರಿಸಿ ಅವರು ಪ್ರಾರ್ಥಿಸುತ್ತಾರೆ. ಗ್ವಾಟೆಮಾಲದಲ್ಲಿ ಇಂದು 20ಕ್ಕೂ ಹೆಚ್ಚು ಮಾಯಾ ಭಾಷೆಗಳಿವೆ. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತ ಮತ್ತು ಕಾಣೆಯಾದ ಎರಡು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಾಯಾ ಜನರೇ ಎಂದು ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಮಾಡಿತು. ಪೂರ್ವಿಕರ ಪೂಜಾಸ್ಥಳಗಳನ್ನು ಪ್ರವೇಶಿಸಿ ಆರಾಧಿಸುವ ಹಕ್ಕು ಅವರಿಗೆ ದೊರೆತದ್ದು ಆ ಯುದ್ಧವನ್ನು ನಿಲ್ಲಿಸುವ ಮಾತುಕತೆಗಳ ಭಾಗವಾಗಿ 1995ರಲ್ಲಿ ಆದ ಒಪ್ಪಂದದಿಂದ. ಪೂಜೆ ನಡೆಯುತ್ತಿರುವಾಗ ಪ್ರವಾಸಿಗರು ದೂರದಲ್ಲಿ ನಿಲ್ಲುವುದು, ಕೇಳದೆ ಚಿತ್ರ ತೆಗೆಯದಿರುವುದು ಸಹಜವಾದ ಮರ್ಯಾದೆ.

ಟಿಕಾಲ್ ಉದ್ಯಾನವು 1990ರಲ್ಲಿ ಸ್ಥಾಪನೆಯಾದ, 20 ಲಕ್ಷ ಹೆಕ್ಟೇರಿಗೂ ವಿಶಾಲವಾದ ಮಾಯಾ ಜೀವಗೋಳ ಮೀಸಲು ಪ್ರದೇಶದ ಭಾಗ. ಅದರ ಪಶ್ಚಿಮ ಭಾಗದಲ್ಲಿ ದನಗಳ ಸಾಕಣೆಗೆಂದು ಕಾಡನ್ನು ಕಡಿದು ಸುಟ್ಟು ಬಹಳ ನಾಶಮಾಡಲಾಗಿದೆ. ಪೂರ್ವದಲ್ಲಿ, ಊರಿನ ಜನರಿಗೇ ಕಾಡಿನ ಹೊಣೆ ಒಪ್ಪಿಸಿರುವ ಕಡೆಗಳಲ್ಲಿ, ನಾಶ ಬಹಳ ಕಡಿಮೆ. ಅಂಥ ಒಂದು ಊರು ಟಿಕಾಲ್‌ನಿಂದ ಉತ್ತರಕ್ಕೆ ಸುಮಾರು 23 ಕಿಲೋಮೀಟರ್ ಮಣ್ಣುರಸ್ತೆಯಲ್ಲಿರುವ ವಾಶಕ್ತುನ್. ಸೂರ್ಯನ ಉದಯಸ್ಥಾನಗಳನ್ನು ಗುರುತಿಸುವಂತೆ ಕಟ್ಟಿದ ಪ್ರಾಚೀನ ಕಟ್ಟಡಗಳಿಂದಾಗಿ ಪುರಾತತ್ತ್ವದಲ್ಲಿ ಹೆಸರಾದ ಈ ಊರಿನ ಇಂದಿನ ವಸತಿ ಬೆಳೆದದ್ದು 20ನೇ ಶತಮಾನದಲ್ಲಿ, ಚ್ಯೂಯಿಂಗ್ ಗಮ್‌ಗೆ ಬೇಕಾದ ಚಿಕ್ಲೆ ಎಂಬ ಅಂಟನ್ನು ಸಪೋಟ ಮರಗಳಿಂದ ಇಳಿಸುವವರ ಬಿಡಾರವಾಗಿ. ಅಲ್ಲಿನ ಕುಟುಂಬಗಳು ಇಂದಿಗೂ ಚಿಕ್ಲೆ ಇಳಿಸುತ್ತವೆ, ಹೂಗುಚ್ಛಗಳಿಗೆ ಬಳಸುವ ಶಾತೆ ಎಂಬ ಕುಳ್ಳು ತಾಳೆಯ ಎಲೆ ಕೊಯ್ಯುತ್ತವೆ, ರಾಮೋನ್ ಬೀಜ ಆಯ್ದು ಹಿಟ್ಟು ಮಾಡುತ್ತವೆ. ಮಳೆಗಾಲದಲ್ಲಿ ಮಚ್ಚಿನಿಂದ ತೊಗಟೆಗೆ ಓರೆಯಾಗಿ ಗೀರು ಹಾಕಿ ಹಾಲು ಇಳಿಸಿದ ಮರವನ್ನು, ಗಾಯ ಮಾಗುವುದಕ್ಕೆಂದು ಹಲವು ವರ್ಷ ಮುಟ್ಟದೆ ಬಿಡುವುದು ಅವರ ಕಸುಬಿನ ನಿಯಮ.